ದ್ಯಾಮಕ್ಕನ ಬಿಕ್ಕಳಿಕೆ

'ಗುಬುರ' ಎಂಬ ಮಾತನ್ನು ಹುಟ್ಟಿಸಿದವಳು ಯಂತ್ರಮನೆಯ ಕಸ ಗುಡಿಸುತ್ತಿದ್ದ ದ್ಯಾಮಕ್ಕ. ಗಣಕ ಪದಕೋಶದಲ್ಲಿ ಆ ಮಾತಿನ ಎದುರು, 'ಸೃಷ್ಟಿಸಿದವರು' ಎಂಬ ಕಡೆ, ಡಾಕ್ಟರ್ ಸುಬ್ಬನರಸಯ್ಯ ಎಂದು ಅಚ್ಚಾಗಿದೆ.

ನಮ್ಮೂರಿನವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕದ್ದು ಅವರಿಗೇ ತಿಳಿಯುತ್ತದೆ. ಬೇರೆ ಊರಿನವರಿಗಾಗಿ ಎರಡು ಮಾತು ಹೆಚ್ಚಿಗೆ ಹೇಳಬೇಕು. ನಮ್ಮೂರಿನ ಗಡಿಕಲ್ಲಿನ ಒಳಗೆ ಯಾರಾದರೂ ಒಂದು ಹೊಸ ಮಾತು ಹುಟ್ಟಿಸಿದರೆ, ಆ ಮಾತನ್ನು ಇನ್ನೊಬ್ಬರು ಬಾಯಿಬಿಟ್ಟು ಆಡಿದಾಗಲೆಲ್ಲ ಹುಟ್ಟಿಸಿದವರಿಗೆ ಬಿಕ್ಕಳಿಕೆ ಬರುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ 'ಯಾರೋ ನೆನೆಸ್ಕೊಂಡ್ರು' ಅನ್ನುತ್ತಾರಂತೆ. ಅಲ್ಲಿ ಅನ್ನುತ್ತಾರೆ, ಇಲ್ಲಿ ನೆನೆಸಿಕೊಂಡಿರುತ್ತಾರೆ. ಹಳೆಯ ಮಾತಿಗೆ ಹೊಸ ಕೆಲಸ ಹಚ್ಚಿದರೆ ಏನೂ ಆಗುವುದಿಲ್ಲ. ಮಾತು ಹೊಸದೇ ಆಗಬೇಕು, ಆಡಿದ ಬಾಯಿ ಬೇರೆಯವರದಾಗಬೇಕು. ಸತ್ತವರ ಮಾತು ಊರ ಮಾತು, ಅದಕ್ಕೆ ಯಾರೂ ಬಿಕ್ಕುವುದಿಲ್ಲ.

ಇದಕ್ಕೆ ತಕ್ಕ ಹಾಗೆ ನಮ್ಮ ಜನ ಬದುಕು ಹೊಂದಿಸಿಕೊಂಡಿದ್ದರು. ಬಿಕ್ಕಿದವರ ಪಕ್ಕ ಇದ್ದವರು ಒಂದು ಲೋಟ ನೀರು ಕೊಡಬೇಕು, ಆಮೇಲೆ 'ಯಾವ ಮಾತು?' ಎಂದು ಕೇಳಬೇಕು. ಬಿಕ್ಕಿದವರು ತಮ್ಮ ಮಾತು ಹೇಳಬೇಕು. ಕೇಳಿದವರು 'ಚೆನ್ನಾಗಿದೆ' ಎಂದರೂ ಸರಿ, 'ಥೂ, ಅದೂ ಒಂದು ಮಾತೇ' ಎಂದರೂ ಸರಿ. ನೀರು ಕೊಡಲಾಗದಿದ್ದರೆ ನಡೆಯುತ್ತದೆ, ಕೇಳದೆ ಹೋದರೆ ಜನ್ಮದ ಜಗಳ. ಪರೀಕ್ಷೆಗೆ ಕೂತವರು, ಸಾವಿನ ಮನೆಗೆ ಹೋದವರು ಬಾಯಿ ತುಂಬ ನೀರು ಹಿಡಿದುಕೊಂಡಿರುತ್ತಿದ್ದರು, ಯಾಕೆಂದರೆ ಬಾಯಲ್ಲಿ ನೀರಿರುವ ತನಕ ಬಿಕ್ಕಳಿಕೆ ಬರುವುದಿಲ್ಲ. ಹುಡುಗರು ಬೆಂಚಿನ ಮೇಲೆ ಸೊಟ್ಟಗೆ ಕೂರುವುದಕ್ಕೆ ಒಬ್ಬ ಮೇಷ್ಟ್ರು ಒಂದು ಹೊಸ ಬೈಗುಳ ಹುಟ್ಟಿಸಿ, ಇಡೀ ಸ್ಕೂಲಿನ ಹುಡುಗರು ಅದನ್ನೇ ಹಿಡಿದುಕೊಂಡು, ಪಾಪ ಆತ ಪಾಠ ಮಾಡಲಾರದೆ ಗಡಿಕಲ್ಲಿನ ಆಚೆಗೆ ವರ್ಗ ಮಾಡಿಸಿಕೊಂಡು ಹೋದ. ಎಳೆಮಗುವನ್ನು ಆಡಿಸುವಾಗ ತಾಯಂದಿರ ಬಾಯಿಗೆ ಏನೇನೋ ಬರುತ್ತದಲ್ಲ, ಮಗು ಬೆಳೆದು ಅದನ್ನು ತೊದಲಿದಾಗ ತಾಯಿಗೆ ಒಂದು ಸಣ್ಣ ಬಿಕ್ಕಳಿಕೆ ಬರುತ್ತದೆ. ಅದನ್ನು ನಮ್ಮೂರಲ್ಲಿ ತೊಂದರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗೆ ಹೊಸ ಮಾತಿಗೆ ಹೆದರಿಕೊಂಡೇ ಬದುಕುತ್ತಿದ್ದ ಊರಿಗೆ ಯಂತ್ರ ಬಂತು. ಮುಚ್ಚಿಹೋಗಿದ್ದ ಹತ್ತಿ ಗಿರಣಿಗೆ ಸುಣ್ಣ ಬಳಿದು ಯಂತ್ರಕ್ಕೆ ಮನೆ ಮಾಡಿಕೊಟ್ಟರು. ಲೆಕ್ಕ ಮಾಡುವ ಯಂತ್ರ ಅಂದರೆ ನಾವೆಲ್ಲ ಹೊಲಿಗೆ ಮಿಷನ್ನಿನಷ್ಟು ಇದ್ದೀತು ಅಂದುಕೊಂಡಿದ್ದೆವು. ಲಾರಿಗಳಿಂದ ಇಳಿದದ್ದು ಸಾಲು ಸಾಲು ಕಬ್ಬಿಣದ ಬೀರುಗಳು. ಅದಕ್ಕೆ ಸೆಕೆ ಆಗಬಾರದು ಅಂತ ತಂಪು ಗಾಳಿಯ ಪೆಟ್ಟಿಗೆಗಳನ್ನು ಹಾಕಿದರು. ಊರಿನ ಮಕ್ಕಳು ಬೇಸಿಗೆಯಲ್ಲಿ ಆ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತಿದ್ದವು. ಒಳಗೆ ಹೋಗುವ ಸಾಹೇಬರುಗಳು ಚಪ್ಪಲಿ ಬಿಟ್ಟು, ಕೈ ತೊಳೆದು, ಬಿಳಿ ಕೋಟು ತೊಟ್ಟು ಹೋಗಬೇಕು. ದೇವರಮನೆಗೂ ಅಷ್ಟು ಮಡಿ ಇರಲಿಲ್ಲ.

ನಮ್ಮ ಕೇರಿಯಿಂದ ಪಿಯುಸಿ ಮುಗಿಸಿದ ಮೊದಲ ಹೆಣ್ಣು ನಾನು, ಹನುಮಕ್ಕ. ಟೈಪಿಂಗ್ ಕಲಿತಿದ್ದೆನಾದ್ದರಿಂದ ಹೊರಕೋಣೆಯಲ್ಲಿ ಕಾರ್ಡಿಗೆ ತೂತು ಹಾಕುವ ಕೆಲಸ ಸಿಕ್ಕಿತು. ಯಂತ್ರಕ್ಕೆ ಹೇಳಬೇಕಾದದ್ದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಮಾಡಿ ಹೇಳುವ ಕಾಲ ಅದು. ಕೀಲಿಗೆ ಎಣ್ಣೆ ಬಿಡುವ, ಪ್ರಿಂಟರಿಗೆ ಕಾಗದ ಹೊತ್ತು ಹಾಕುವ ಕೆಲಸ ಖಾದರ್ ಬಾಷಾನದು. ಒಳಗೂ ಹೊರಗೂ ಗುಡಿಸಿ ಒರೆಸುವ ಕೆಲಸ ದ್ಯಾಮಕ್ಕನದು. ಅವಳು ನನಗಿಂತ ದೊಡ್ಡವಳು, ಆಗಲೇ ಗಂಡನನ್ನು ಕಳೆದುಕೊಂಡಿದ್ದಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮೂವರಿಗೂ ಒಂದೇ ಎಚ್ಚರಿಕೆ ಕೊಟ್ಟಿದ್ದರು: ನೆಲ ಮುಟ್ಟಬಹುದು, ಯಂತ್ರ ಮುಟ್ಟಬಾರದು. ಬಾಗಿಲ ಪಕ್ಕದ ಹೂಜಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟಗಳು, ಅವೂ ಯಂತ್ರದ ಲೆಕ್ಕಕ್ಕೇ ಸೇರಿದ್ದವು.

ಸಾಹೇಬರುಗಳು ಊಟಕ್ಕೆ ಎದುರಿನ ಕ್ವಾರ್ಟರ್ಸಿಗೆ ಹೋಗುತ್ತಿದ್ದರು. ಹೋದವರು ಮಲಗುತ್ತಿದ್ದರು. ಟೀ ಹೊತ್ತಿನ ತನಕ ಆ ಸಾಲು ಮನೆಗಳಿಂದ ಗೊರಕೆ ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಯಂತ್ರವನ್ನು ಆರಿಸುವಂತಿರಲಿಲ್ಲ, ಆರಿಸಿದರೆ ಮತ್ತೆ ಎಬ್ಬಿಸಲು ಅರ್ಧ ದಿನ ಹಿಡಿಯುತ್ತಿತ್ತು. ಅದು ಒಬ್ಬಂಟಿಯಾಗಿ ಗುಂಯ್ ಎನ್ನುತ್ತ ಕೂತಿರುತ್ತಿತ್ತು. ನಾವೂ ಕೂತಿರುತ್ತಿದ್ದೆವು. ಎಷ್ಟು ದಿನ ಅಂತ ಹಾಗೆ ಎದುರುಬದುರು ಕೂರುವುದು? ಒಂದು ಮಧ್ಯಾಹ್ನ ನಾನು ನನ್ನದೇ ಒಂದು ಕಾರ್ಡಿನ ಕಟ್ಟು ಮಾಡಿ, ಖಾದರನ ಕೈಲಿ ಕೊಟ್ಟು, 'ಹಾಕಿ ನೋಡೋ' ಅಂದೆ. ಅವನು 'ಅರೆ, ಕೈ ಕತ್ತರಿಸ್ತಾರೆ ಕಣೇ' ಅಂದ. ಅಂದುಕೊಂಡೇ ಹಾಕಿದ. ಪ್ರಿಂಟರು ಕಡಕಡ ಸದ್ದು ಮಾಡಿ 'ಹನುಮಕ್ಕ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿತು. ದ್ಯಾಮಕ್ಕ ಪೊರಕೆ ಬಿಟ್ಟು ಬಂದು, ಕಾಗದವನ್ನು ಮೂಸಿ, 'ನಂದೂ ಹೊಡ್ಸು' ಅಂದಳು.

ಅಲ್ಲಿಂದ ನಾವು ಮಧ್ಯಾಹ್ನದೋರು ಆದೆವು. ನಮಗೆ ನಾವೇ ಇಟ್ಟುಕೊಂಡ ಹೆಸರು ಅದು. ಈಗಲೂ ಬೇಸಿಗೆಯ ಮಧ್ಯಾಹ್ನ ತಣ್ಣನೆಯ ನೆಲ ಕಾಲಿಗೆ ತಾಕಿದರೆ ನನಗೆ ರಟ್ಟಿನ ವಾಸನೆ, ಖಾದರನ ಎಣ್ಣೆಕೈ ವಾಸನೆ, ದ್ಯಾಮಕ್ಕ ಸೆರಗಿನಲ್ಲಿ ತರುತ್ತಿದ್ದ ಹುರಿಗಡಲೆಯ ವಾಸನೆ ಒಟ್ಟಿಗೇ ಬರುತ್ತದೆ. ತೂತು ಹಾಕಿದಾಗ ಉದುರುವ ರಟ್ಟಿನ ಚೂರಿಗೆ ನಾವು ನುಚ್ಚು ಅನ್ನುತ್ತಿದ್ದೆವು. ದ್ಯಾಮಕ್ಕ ಅದನ್ನು ಗುಡಿಸಿ ಗಂಟು ಕಟ್ಟಿ ಒಯ್ಯುತ್ತಿದ್ದಳು. ನಮ್ಮ ಕೇರಿಯ ಎಷ್ಟೋ ಮದುವೆಗಳಲ್ಲಿ ಹುಡುಗರು ದಂಪತಿಗಳ ಮೇಲೆ ಅಕ್ಕಿಕಾಳಿನ ಜೊತೆ ಯಂತ್ರದ ನುಚ್ಚನ್ನೂ ಎರಚಿದ್ದಾರೆ. ಕೆಲಸ ಮಾಡುತ್ತದೆ, ಆದರೆ ನೋಡಲು ಅಸಹ್ಯ, ನುಂಗಲು ಕಷ್ಟ, ಅಂಥ ಕಾರ್ಡಿನ ಕಟ್ಟಿಗೆ ಗಂಟುಮುದ್ದೆ ಅಂದೆವು. ಎರಡೂ ಹಳೆಯ ಮಾತುಗಳು, ಯಾರಿಗೂ ಬಿಕ್ಕಳಿಕೆ ಬರಲಿಲ್ಲ. ಆದರೆ ಯಂತ್ರದೊಳಗೆ ಹಳೆಯ ಮಾತಿಗೆ ಸಿಕ್ಕದ ಸಂಗತಿಗಳು ಬಹಳ ಇದ್ದವು. ಇನ್ನೂ ಹೆಸರಿಡದ ಲೆಕ್ಕಗಳಿಗೆ ನಾನು 'ಅಪ್ಪುಕ, ತಿಪ್ಪುಕ' ಅಂದೆ. ಯಂತ್ರದ ಮುಂದೆ ಕೂತು ಹಸಿವೂ ಹೊತ್ತೂ ಎರಡೂ ತಿಳಿಯದೆ ಹೋಗುವುದಕ್ಕೆ ಖಾದರ 'ಝುಮುರು' ಅಂದ. 'ಯಾಕ್ಲಾ ಖಾದ್ರಾ, ಉಣ್ಲಿಲ್ವಾ?' 'ಝುಮುರು ಹತ್ತಿತ್ತು ಕಣಕ್ಕಾ.' ಹೀಗೆ ಎರಡು ದಿನ ಅವನು ಆಡಿ, ಆಮೇಲೆ ನಾವೂ ಆಡಿದ್ದೇ ತಡ, ಅವನು ಬಿಕ್ಕತೊಡಗಿದ. ಅವನ ನಿಕಾಹ್ ದಿನ ನಾವೆಲ್ಲ ಚಪ್ಪರದ ಹೊರಗೆ ನಿಂತು, ಖಾಜಿ ಒಪ್ಪಿಗೆ ಕೇಳುವ ಹೊತ್ತಿಗೆ ಸರಿಯಾಗಿ 'ಝುಮುರು, ಝುಮುರು' ಎಂದು ಪಿಸುಗುಟ್ಟಿದೆವು. ಹುಡುಗ ಒಪ್ಪಿಗೆ ಹೇಳುವ ಬದಲು ಬಿಕ್ಕಿದ. ಖಾಜಿ ಮುಗುಳ್ನಕ್ಕು, ನೀರು ಕೊಡಿಸಿ, 'ಯಾವ ಮಾತಪ್ಪಾ?' ಎಂದು ಕೇಳಿ, ಆಮೇಲೆ ಮುಂದುವರಿಸಿದರು.

ದ್ಯಾಮಕ್ಕನ ಮಾತು ಹುಟ್ಟಿದ್ದು ತಮಟೆಯಿಂದ. ನನ್ನ ಚಿಕ್ಕಪ್ಪ ತಮಟೆ ಬಡಿಯುತ್ತಿದ್ದ. ಪ್ರಿಂಟರಿನ ಸುತ್ತಿಗೆಗಳು ಕಾಗದದ ಮೇಲೆ ಬೀಳುವ ಸದ್ದು ಕೇಳಿ ಕೇಳಿ, ಇವನ್ನು ತಾಳಕ್ಕೆ ಬಡಿಸಬಹುದಲ್ಲ ಅನ್ನಿಸಿತು. ಯಾವ ಅಕ್ಷರದ ಸಾಲು ಹೊಡೆದರೆ ಯಾವ ಸದ್ದು ಬರುತ್ತದೆ ಎಂದು ಹುಡುಕುತ್ತ ಎಷ್ಟೋ ಮಧ್ಯಾಹ್ನಗಳು ಹೋದವು. ದ್ಯಾಮಕ್ಕ ಬಾಯಲ್ಲಿ ತಾಳ ಹೇಳುವಳು, ನಾನು ತೂತು ಹಾಕುವೆ, ಖಾದರ ಕಾರ್ಡು ತುಂಬುವನು. ತಪ್ಪುಗಳು ಮೂವರಿಂದಲೂ ಆಗುತ್ತಿದ್ದವು, ಅವಳ ಪಾಲೇ ಹೆಚ್ಚು. ಯಾಕೆಂದರೆ ನಡುವೆ ನಗು ಬಂದರೆ ತಾಳ ಮರೆಯುತ್ತಿದ್ದಳು. ಕೊನೆಗೂ ಒಂದು ದಿನ ಆ ಪರದೇಶದ ಯಂತ್ರ ನಮ್ಮ ಕೇರಿಯ ತಮಟೆ ಬಡಿಯಿತು. ಆದರೆ ನಡುವೆ ಒಂದು ಪೆಟ್ಟು ನುಂಗುತ್ತಿತ್ತು. ಖಾದರ ಬಗ್ಗಿ ಕಿವಿಗೊಟ್ಟರೆ ಪೆಟ್ಟು ಸರಿಯಾಗಿ ಬೀಳುತ್ತದೆ. ಅವನು ಆಚೆ ಸರಿದರೆ ಮತ್ತೆ ನುಂಗುತ್ತದೆ. ನಾನು ಕಾವಲು ಕೂತರೆ ಸಾಧು, ಬೆನ್ನು ತಿರುಗಿಸಿದರೆ ತುಂಟ. ಸಾಕಾಗಿ ಹೋಯಿತು. ಪೊರಕೆಗೆ ಗದ್ದ ಊರಿಕೊಂಡು ನೋಡುತ್ತಿದ್ದ ದ್ಯಾಮಕ್ಕ, 'ಇದು ಗುಬುರ ಕಣಮ್ಮಿ' ಅಂದಳು.

'ಹಂಗಂದ್ರೆ?'

'ಹಂಗಂದ್ರೆ ಇದೇ. ನೋಡೋಕೆ ಹೋದ್ರೆ ಇರಾಕಿಲ್ಲ, ಬಿಟ್ರೆ ಐತೆ.'

'ಗುಬುರ,' ಎಂದು ನಾನು ನಾಲಗೆಯ ಮೇಲೆ ಹೊರಳಿಸಿ ನೋಡಿದೆ. ದ್ಯಾಮಕ್ಕ ಬಿಕ್ಕಿದಳು. ಬಿಕ್ಕಿ ತಾನೇ ಬೆಚ್ಚಿದಳು. ಅವಳ ಬದುಕಿನಲ್ಲಿ ಅದೇ ಮೊದಲು, ಅವಳಿಗೆ ಮಕ್ಕಳಿರಲಿಲ್ಲ. ಖಾದರ ತನ್ನ ತಂಬಿಗೆಯ ನೀರು ಕೊಟ್ಟು, ಖಾಜಿಯಂತೆ ಗಂಭೀರವಾಗಿ, 'ಯಾವ ಮಾತಕ್ಕಾ?' ಎಂದು ಕೇಳಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಮದುಮಗಳ ಹಾಗೆ ತಲೆ ತಗ್ಗಿಸಿ, 'ಗುಬುರ' ಅಂದಳು.

ಆ ಮಾತು ಯಂತ್ರಮನೆಯಲ್ಲಿ ನಿಲ್ಲಲಿಲ್ಲ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಮಾಯವಾಗುವ ಹಲ್ಲುನೋವು ಗುಬುರ. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಸೋರದ ನಲ್ಲಿ ಗುಬುರ. ಅತ್ತೆ ಬಂದಾಗ ಮೆತ್ತಗಾಗುವ ಗಂಡನೂ ಗುಬುರವೇ. ಸಂತೆಯಲ್ಲಿ ದ್ಯಾಮಕ್ಕ ಸೊಪ್ಪು ಆರಿಸುತ್ತ ಬಿಕ್ಕಿದರೆ, ಸೊಪ್ಪಿನವಳು ಕೇಳುವುದಕ್ಕೂ ಕಾಯದೆ, 'ಗೊತ್ತು ಬಿಡಕ್ಕ, ನಮ್ಮ ದೀಪಾನೂ ಗುಬುರ ಆಗೈತೆ' ಅನ್ನುವಳು. ಅದಕ್ಕೆ ಇನ್ನೊಂದು ಬಿಕ್ಕಳಿಕೆ. ಮೇಲೊಂದು ಕಟ್ಟು ಸೊಪ್ಪು ಕೊಸರು.

ಸುಬ್ಬನರಸಯ್ಯ ಆಗ ಚಿಕ್ಕ ಸಾಹೇಬ. ಬೇರೆ ಊರಿನಿಂದ ಹೊಸದಾಗಿ ಬಂದ, ಹಗಲು ನಿದ್ದೆ ಬಾರದ ಜೀವ. ಒಂದು ಮಧ್ಯಾಹ್ನ ತಮಟೆ ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತುಬಿಟ್ಟ. ಆತ ಬೈಯಲಿಲ್ಲ, ಒಳಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, 'ಇನ್ನೊಂದ್ಸಲ ಹಾಕಿ' ಅಂದ. ಇದನ್ನು ಹೇಳದೆ ಹೋದರೆ ನಾನೂ ಅವನ ಕೋಶದಂಥವಳೇ ಆದೇನು: ಆ ಹುಡುಗ ನಮ್ಮ ಜೊತೆ ನಗುತ್ತಿದ್ದ, ನಮ್ಮ ಹುರಿಗಡಲೆ ತಿನ್ನುತ್ತಿದ್ದ, ಗಂಟುಮುದ್ದೆಯನ್ನು ನುಣ್ಣಗೆ ಮಾಡುವುದನ್ನು ಹೇಳಿಕೊಡುತ್ತಿದ್ದ. ನಮ್ಮ ಮಾತುಗಳೆಂದರೆ ಅವನಿಗೆ ಪ್ರಾಣ. ಹಜಾರದಲ್ಲಿ ಹೋಗುತ್ತ ಬೇಕೆಂದೇ 'ಗುಬುರ' ಎಂದು ಉಸುರಿ, ಒಳಗೆ ದ್ಯಾಮಕ್ಕ ಬಿಕ್ಕಿದ್ದು ಕೇಳಿ ನಗುತ್ತ ಓಡುತ್ತಿದ್ದ. 'ಕೋತಿ ಸಾಹೇಬ' ಎಂದು ಅವಳು ಬೈಯುತ್ತಿದ್ದಳು. ಆದರೂ ಅವನಿಗಾಗಿ ಕಡಲೆ ಎತ್ತಿಡುತ್ತಿದ್ದಳು.

ಎಲ್ಲ ಮುಗಿದದ್ದು ದೊಡ್ಡ ಸಾಹೇಬರು ತಪಾಸಣೆಗೆ ನಿಂತ ದಿನ. ಯಂತ್ರ ಒಂದು ಲೆಕ್ಕವನ್ನು ತಪ್ಪು ಮಾಡಿತ್ತು, ಹತ್ತಿರ ಹೋಗಿ ನೋಡಿದರೆ ತಪ್ಪು ಸಿಗುತ್ತಿರಲಿಲ್ಲ. ದೊಡ್ಡ ಸಾಹೇಬರು ಗದರಿದರು. ಚಿಕ್ಕ ಸಾಹೇಬ ಗಾಬರಿಯಲ್ಲಿ, 'ಇದು ಗುಬುರ ಸಾರ್' ಅಂದುಬಿಟ್ಟ. ಮೇಜಿನ ಕೆಳಗೆ ಒರೆಸುತ್ತಿದ್ದ ದ್ಯಾಮಕ್ಕ ಬಿಕ್ಕಿದಳು.

ದೊಡ್ಡ ಸಾಹೇಬರು ಇದೇ ಊರಿನವರು. ಬಿಕ್ಕಳಿಕೆಯ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಜಿನ ಕೆಳಗೆ ಬಗ್ಗಿ, 'ಯಾವ ಮಾತು?' ಎಂದು ಕೇಳಿದರು. ಊರಿನವರು ಕೇಳುವ ಹಾಗಲ್ಲ, ಪೊಲೀಸಿನವರು ಕೇಳುವ ಹಾಗೆ. ಅವಳು ಒರೆಸುತ್ತಲೇ ಇದ್ದಳು. 'ಏನದು ಗುಬುರ? ಯಂತ್ರದ ಕೆಲಸಕ್ಕೆ ಕಸದವಳ ಮಾತು ಹೇಗೆ ಬಂತು? ಗುಬುರ ಅಂದ್ರೇನು?' ಅವರು ಒಂದೊಂದು ಸಲ ಅಂದಾಗಲೂ ಅವಳಿಗೊಂದು ಬಿಕ್ಕಳಿಕೆ. ಬಿಳಿ ಕೋಟಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಗುಬುರವಂತೆ, ಗುಬುರ' ಅನ್ನತೊಡಗಿದರು. ಅವಳು ಉಸಿರು ಸಿಕ್ಕದೆ, ಒರೆಸುವ ಬಟ್ಟೆ ಎದೆಗೆ ಒತ್ತಿಕೊಂಡು, ಹೂಜಿಯ ಕಡೆ ಕೈ ತೋರಿಸಿ 'ನೀರು' ಅಂದಳು. ಜವಾನ ಲೋಟ ಎತ್ತಿಕೊಂಡ. ದೊಡ್ಡ ಸಾಹೇಬರ ಮುಖ ನೋಡಿದ. ಅವರು ತಲೆ ಆಡಿಸಿದರು, ಕೊಡಬೇಡ ಅಂತ. ಜವಾನ ಲೋಟವನ್ನು ಮತ್ತೆ ಬೋರಲು ಹಾಕಿದ. ಆ ಗಾಜು ಹೂಜಿಗೆ ತಗುಲಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

'ಈ ಮಾತು ನಿನಗೆ ಯಾರು ಹೇಳಿದರು?' ಎಂದು ಚಿಕ್ಕ ಸಾಹೇಬನನ್ನು ಕೇಳಿದರು. ಆತ ಯಂತ್ರದ ಕಡೆ ನೋಡುತ್ತ ನಿಂತ. ಯಂತ್ರ ಏನು ಹೇಳೀತು?

ಗುಡಿಸುವವಳೊಬ್ಬಳಿಂದಲೇ ಯಂತ್ರ ನಡೆಯದು ಎಂದು ಲೆಕ್ಕ ಹಾಕಿ, ನಮ್ಮ ಮೂವರನ್ನೂ ಅಂದೇ ಕೆಲಸದಿಂದ ತೆಗೆದರು. ಯಂತ್ರ ಮುಟ್ಟಿದ್ದಕ್ಕೆ ಅಂತ ಕಾರಣ ಬರೆದರು. ಅದನ್ನು ತೊಳೆಯಲು ಮೂರು ದಿನ ಬಾಗಿಲು ಹಾಕಿದ್ದರಂತೆ. ಯಂತ್ರಮನೆಯಿಂದ ಕೇರಿಯ ತನಕ ದ್ಯಾಮಕ್ಕ ಬಿಕ್ಕುತ್ತಲೇ ಬಂದಳು. ಬೀದಿಯ ಎರಡು ಕಡೆಯ ಜನ ಲೋಟ, ಚೊಂಬು ಹಿಡಿದು ಹೊರಬಂದು, 'ಯಾವ ಮಾತಕ್ಕಾ, ಯಾರು ಅಂತಾವ್ರೆ?' ಎಂದು ಕೇಳಿದರು. ಅವಳು ಯಾರ ನೀರನ್ನೂ ಕುಡಿಯಲಿಲ್ಲ.

ಆಮೇಲೆ ಬದುಕು ತನ್ನ ಪಾಡಿಗೆ ನಡೆಯಿತು. ನಾನು ಟೈಪಿಂಗ್ ಕ್ಲಾಸು ಹಾಕಿಕೊಂಡೆ. ಖಾದರ ಸೈಕಲ್ ಅಂಗಡಿ ಇಟ್ಟ. ದ್ಯಾಮಕ್ಕ ಮನೆಗಳ ಮುಸುರೆ ತಿಕ್ಕಿದಳು. ಚಿಕ್ಕ ಸಾಹೇಬ ವರ್ಗವಾಗಿ ಹೋದ. ಹೋದ ಕಡೆಯೆಲ್ಲ ನಮ್ಮ ಮಾತುಗಳನ್ನು ಬಿತ್ತಿದ. ದೊಡ್ಡ ದೊಡ್ಡ ಊರುಗಳ ಯಂತ್ರಮನೆಗಳಲ್ಲಿ, ನಮ್ಮ ಮುಖ ಕಾಣದವರೆಲ್ಲ ಗುಬುರ, ಝುಮುರು ಅನ್ನತೊಡಗಿದ್ದಾರೆ ಎಂದು ಸುದ್ದಿ ಬಂತು. ಗಡಿಕಲ್ಲಿನ ಆಚೆ ಆಡಿದರೆ ಇಲ್ಲಿ ಬಿಕ್ಕಳಿಕೆ ಬಾರದು. 'ಅಲ್ಲಿ ಎಷ್ಟು ಜನ ಅಂತಾರಂತೆ?' ಎಂದು ದ್ಯಾಮಕ್ಕ ಕೇಳುತ್ತಿದ್ದಳು. 'ಲಕ್ಷಾಂತರ' ಎಂದು ಖಾದರ ಕೈ ಅಗಲಿಸುತ್ತಿದ್ದ. 'ಸದ್ಯ ಕಣಪ್ಪ, ಇಲ್ಲಂದಿದ್ರೆ ನಾನು ಸತ್ತೇ ಹೋಗ್ತಿದ್ದೆ' ಎಂದು ಅವಳು ನಗುತ್ತಿದ್ದಳು. ಯಂತ್ರ ಹಳೆಯದಾಯಿತು, ಗುಜರಿಗೆ ಹೋಯಿತು. ಖಾದರನೂ ಹೋದ. ಅವನನ್ನು ಮಣ್ಣು ಮಾಡಿದ ದಿನ ಸಂಜೆ ಅಂಗಡಿಯ ಹುಡುಗನೊಬ್ಬ ಝುಮುರು ಅಂದ. ಯಾರೂ ಬಿಕ್ಕಲಿಲ್ಲ. ಆಗ ನನಗೆ ಅಳು ಬಂತು.

ನಮ್ಮ ಜಗಲಿಯ ಮೇಲೆ ಕೇರಿಯ ಓದುಬಳಗ ಸೇರುತ್ತಿತ್ತು. ಒಬ್ಬರು ಓದುವುದು, ಮಿಕ್ಕವರು ಕೇಳಿ ಜಗಳ ಆಡುವುದು. ಅಲ್ಲಿಗೆ ಒಂದು ದಿನ ಗಣಕ ಪದಕೋಶ ಬಂತು. ಓದುತ್ತಿದ್ದ ಹುಡುಗಿ ಗಕಾರಕ್ಕೆ ಬಂದು 'ಗುಬುರ' ಅಂದಳು, ಕಂಬಕ್ಕೆ ಒರಗಿದ್ದ ದ್ಯಾಮಕ್ಕ ಬಿಕ್ಕಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. 'ನನ್ನೆಸ್ರು ಹೆಂಗೆ ಬರ್ದವ್ರೆ? ದ್ಯಾಮವ್ವ ಅಂತಲೋ ದ್ಯಾಮಕ್ಕ ಅಂತಲೋ?' ಎಂದು ಕೇಳಿದಳು. ಓದುವ ಹುಡುಗಿ ನನ್ನ ಮುಖ ನೋಡಿದಳು. ಸುಳ್ಳು ಹೇಳುವ ಬಳಗವಲ್ಲ ನಮ್ಮದು. ಇದ್ದದ್ದನ್ನು ಓದಿ ಹೇಳಿದೆ. ಅವಳು 'ಕೋತಿ ಸಾಹೇಬ' ಅಂದಳು. ಈ ಸಲ ಅದು ಬೈಗುಳವಾಗಿತ್ತು.

ಮುಂದಿನ ಚಳಿಗಾಲಕ್ಕೆ ಅವಳ ಎದೆ ಕೆಟ್ಟು ಕೆಮ್ಮು ಹತ್ತಿತು. ಒಂದು ಬಿಕ್ಕಳಿಕೆ ಬಂದರೆ ಪಕ್ಕೆ ಹಿಡಿದುಕೊಂಡು ಮುದುರಿ ಹೋಗುತ್ತಿದ್ದಳು. ಡಾಕ್ಟ್ರಮ್ಮ ನಮ್ಮನ್ನೆಲ್ಲ ಕರೆದು, ಆ ಮಾತು ಆಡಬೇಡಿ ಎಂದರು. ನಮ್ಮೂರ ಜನ ಒಳ್ಳೆಯವರು, ಒಳ್ಳೆಯತನದಲ್ಲೇ ತಪ್ಪು ಮಾಡುವವರು. ಇಡೀ ಊರು ಒಂದು ಮಾತಾಗಿ ಆ ಮಾತು ಬಿಟ್ಟಿತು. 'ನಲ್ಲಿ ಅದು ಆಗೈತೆ', 'ಹಲ್ಲುನೋವು ಅದಾಯ್ತು' ಅನ್ನತೊಡಗಿದರು. ಮಕ್ಕಳು ಮರೆತು ಬಾಯಿ ತೆರೆದರೆ ತಾಯಂದಿರು ಅಂಗೈ ಮುಚ್ಚುತ್ತಿದ್ದರು. ದ್ಯಾಮಕ್ಕನಿಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ ಅಂತ.

ಕೆಮ್ಮು ಸ್ವಲ್ಪ ತಗ್ಗಿತು. ಆದರೆ ಅವಳು ಉಣ್ಣುವುದನ್ನು ಬಿಟ್ಟಳು. ಬಾಗಿಲಲ್ಲಿ ಕೂತು ಬೀದಿಯನ್ನೇ ನೋಡುವಳು, ಕಿವಿಗೊಟ್ಟವಳ ಹಾಗೆ. ಒಂದು ಬೆಳಿಗ್ಗೆ ನಾನು ಗಂಜಿ ಒಯ್ದಾಗ, 'ಹನುಮೀ,' ಅಂದಳು, 'ಊರಾಗೆ ಎಲ್ಲಾ ರಿಪೇರಿ ಆಗೋಯ್ತಾ?'

ನನಗೆ ಅರ್ಥವಾಗಲಿಲ್ಲ.

'ಒಂದು ನಲ್ಲಿನೂ ಕೆಡಾಕಿಲ್ವಾ? ಒಬ್ರಿಗೂ ಹಲ್ಲು ನೋಯಾಕಿಲ್ವಾ? ಎಷ್ಟು ದಿನ ಆಯ್ತು, ಒಂದು ಬಿಕ್ಕಳಿಕೆ ಇಲ್ಲ. ಸತ್ತೋರಿಗೆ ಬರಲ್ಲ ಅಂತಾರೆ. ನಾನು ಬದುಕಿವ್ನಿ ತಾನೇ?'

ನಾನು ಗಂಜಿಯ ಬಟ್ಟಲು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಕೇಳಿ, ನನ್ನ ಬೆನ್ನಿಗೆ ಬಲವಾಗಿ ಒಂದು ಗುದ್ದಿದಳು. ಕಾಯಿಲೆಯವಳ ಕೈಯಲ್ಲಿ ಅಷ್ಟು ಕಸುವಿದೆ ಎಂದು ಆಗಲೇ ತಿಳಿದದ್ದು. 'ನನ್ನ ಕೇಳ್ದಲೇ ನನ್ನ ಮಾತು ಮುಚ್ಚಿಟ್ರಾ? ಅವ್ನು ಕದ್ದ. ನೀವು ಹೂತಾಕಿದ್ರಿ' ಅಂದಳು.

ಆ ವಾರವೇ ಸುಬ್ಬನರಸಯ್ಯ ನಮ್ಮ ಮನೆಗೆ ಬಂದರು. ಈಗ ಅವರು ಬೆಳ್ಳಿಗೂದಲಿನ ದೊಡ್ಡ ಮನುಷ್ಯರು. ಹಳೆಯ ಯಂತ್ರಮನೆಯನ್ನು ಗಣಕ ಸಂಗ್ರಹಾಲಯ ಮಾಡುತ್ತಿದ್ದರು. ಕೋಶದ ಹೊಸ ಮುದ್ರಣದ ಬಿಡುಗಡೆಯೂ ಅಲ್ಲೇ. ಮಾತುಗಳ ಪುಸ್ತಕ ಯಾವುದೇ ಬರಲಿ, ಗಡಿಕಲ್ಲಿನ ಒಳಗೆ ಅದನ್ನು ಒಮ್ಮೆ ಗಟ್ಟಿಯಾಗಿ ಓದಬೇಕು ಎನ್ನುವುದು ನಮ್ಮೂರ ರೂಢಿ. ಓದಲು ನಾನು ಬರಬೇಕು ಎಂದು ಕೇಳಲು ಬಂದಿದ್ದರು. ನನ್ನ ಮಾತನ್ನು ನಾನೇ ಓದಿದರೆ ನನಗೆ ಬಿಕ್ಕಳಿಕೆ ಬಾರದು. ನನ್ನನ್ನೇ ಕರೆದದ್ದಕ್ಕೆ ಅದೂ ಒಂದು ಕಾರಣವಿದ್ದೀತು. ಖಾದರ ಇಲ್ಲ. ಬಿಕ್ಕಲು ಉಳಿದವಳು ದ್ಯಾಮಕ್ಕ ಒಬ್ಬಳೇ.

'ಹನುಮಕ್ಕ, ನಾನು ಕದ್ದಿಲ್ಲ' ಎಂದು ಅವರೇ ಶುರು ಮಾಡಿದರು. 'ನಾನು ಉಳಿಸಿದೆ. ನಾನು ಒಯ್ಯದಿದ್ದರೆ ಆ ಮಾತು ನಿಮ್ಮೂರ ನಲ್ಲಿಯ ಹತ್ತಿರವೇ ಸಾಯ್ತಿತ್ತು. ಅಚ್ಚು ಹಾಕೋರು ಯಾರು ಸೃಷ್ಟಿಸಿದ್ದು ಅಂತ ಕೇಳಿದರು. ಕಸ ಗುಡಿಸೋ ಹೆಂಗಸು ಅಂತ ಬರೆದರೆ ಯಾರು ನಂಬ್ತಿದ್ರು?'

'ನಂಬೋದು ಬಿಡೋದು ಅವರ ಕಷ್ಟ ಸಾರ್. ಬರೆಯೋದು ನಿಮ್ಮ ಕೆಲಸ ಆಗಿತ್ತು.'

ಅವರು ಕನ್ನಡಕ ತೆಗೆದು ಒರೆಸಿದರು. 'ಆ ಮಧ್ಯಾಹ್ನಗಳು ನನಗೂ ಮರೆತಿಲ್ಲ. ಆದರೆ ಈಗ ಅವರ ಆರೋಗ್ಯ ನೋಡಿ. ಆ ಮಾತೊಂದು ಬಿಟ್ಟು ಓದಿ. ಇಲ್ಲಾಂದ್ರೆ ಅವರು ಬಾಯಲ್ಲಿ ನೀರು ಹಿಡಿದು ಕೂತಿರಲಿ. ವೇದಿಕೆಗೆ ಕರೆದು ಶಾಲು ಹೊದಿಸ್ತೀವಿ, ಯಂತ್ರಮನೆಯನ್ನು ಚೊಕ್ಕಟವಾಗಿಟ್ಟ ಹಿರಿಯ ಜೀವ ಅಂತ.'

ನಡುಗೋಡೆಯ ಆಚೆಯಿಂದ ಕೆಮ್ಮು ಕೇಳಿತು. ಅವರು ಹೋದ ಮೇಲೆ ನಾನು ಆಚೆ ಮನೆಗೆ ಹೋದೆ. ದ್ಯಾಮಕ್ಕ ಎಲ್ಲ ಕೇಳಿಸಿಕೊಂಡಿದ್ದಳು.

'ಶಾಲು ಯಾರಿಗೆ ಬೇಕು, ಸೆಕೆ' ಅಂದಳು. 'ಆ ಮನೆಯಾಗೆ, ಅವ್ರೆಲ್ಲರ ಎದುರಿಗೆ, ಒಂದ್ಸಲ ಬಿಕ್ಕಬೇಕು ಕಣಮ್ಮಿ. ಯಾವ ಮಾತು ಅಂತ ಅವ್ನು ಕೇಳ್ಬೇಕು. ಊರೋರು ಕೇಳ್ದಂಗೆ.'

'ಎದೆ ತಡೀತದಾ ಅಕ್ಕಾ?'

'ಎದೆ ನಂದು. ನೀನು ಓದು.'

ಸಮಾರಂಭದ ದಿನ ಯಂತ್ರಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಿ ಎಂದು ಯಾರೂ ಹೇಳಲಿಲ್ಲ. ಕಬ್ಬಿಣದ ಬೀರುಗಳಿದ್ದ ಕಡೆ ಕುರ್ಚಿ ಹಾಕಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಒಂದಷ್ಟು ಕಾರ್ಡು, ಒಂದು ಬಟ್ಟಲಲ್ಲಿ ನುಚ್ಚು. ಹೂಜಿಯನ್ನೂ ಇಟ್ಟಿದ್ದರು, 'ಅಂದಿನ ಹೂಜಿ' ಎಂದು ಚೀಟಿ ಅಂಟಿಸಿ. ಕೇರಿಯ ಹೆಂಗಸರು ದ್ಯಾಮಕ್ಕನನ್ನು ನಡೆಸಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂರಿಸಿದರು. ಅವಳ ಕೈಗೆ ಒಬ್ಬ ಹುಡುಗ ನೀರಿನ ಬಾಟಲಿ ಕೊಟ್ಟು, 'ಅಜ್ಜೀ, ಓದೋವಾಗ ಒಂದು ಗುಟುಕು ಬಾಯಲ್ಲಿಟ್ಕೊಳ್ಳಬೇಕಂತೆ' ಅಂದ. ಅವಳು ಅದನ್ನು ಕಾಲ ಬಳಿ ಇಟ್ಟಳು.

ಸುಬ್ಬನರಸಯ್ಯನವರು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ನಾನು ಮೈಕಿನ ಮುಂದೆ ನಿಂತು ಕೋಶ ತೆರೆದೆ. ಅಪ್ಪುಕ ಓದಿದೆ. ಗಂಟುಮುದ್ದೆ ಓದಿದೆ, ಜನ ನಕ್ಕರು. ಸುಬ್ಬನರಸಯ್ಯನವರು ಕುರ್ಚಿಯಲ್ಲಿ ಮುಂದೆ ಬಾಗಿ ನನ್ನನ್ನೇ ನೋಡಿದರು. ದ್ಯಾಮಕ್ಕನೂ ನನ್ನನ್ನೇ ನೋಡಿದಳು.

'ಗುಬುರ,' ಎಂದು ಓದಿದೆ.

ಎಷ್ಟೋ ತಿಂಗಳು ಒಳಗೆ ಕಟ್ಟಿಕೊಂಡದ್ದೆಲ್ಲ ಒಂದೇ ಸಲ ಹೊರಬಿದ್ದಂತೆ ಅವಳು ಬಿಕ್ಕಿದಳು. ಹಿಂದಿನ ಸಾಲಿನ ಮಗುವೊಂದು ಬೆಚ್ಚಿ ಅತ್ತಿತು. ಅವಳು ಪಕ್ಕೆ ಹಿಡಿದುಕೊಂಡಳು, ಮುದುರಲಿಲ್ಲ. ಕುರ್ಚಿಗಳು ಕಿರಗುಟ್ಟಿದವು, ಇಡೀ ಸಭೆ ಅವಳ ಕಡೆ ತಿರುಗಿತು, ಆಮೇಲೆ ಒಬ್ಬೊಬ್ಬರಾಗಿ ವೇದಿಕೆಯ ಕಡೆ ತಿರುಗಿದರು. ಯಾರೂ ಕೇಳಲಿಲ್ಲ. ಕೇಳಬೇಕಾದವರು ಯಾರೆಂದು ನಮ್ಮೂರಿನವರಿಗೆ ಗೊತ್ತಿತ್ತು.

ಸುಬ್ಬನರಸಯ್ಯನವರು ಎದ್ದರು. ತಮ್ಮ ಮುಂದಿದ್ದ ಗಾಜಿನ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಮೆಟ್ಟಿಲಿಳಿದು, ಅವಳ ಮುಂದೆ ಬಂದು ನಿಂತರು. 'ಕುಡೀರಿ ದ್ಯಾಮಕ್ಕ, ನಿಲ್ಲುತ್ತೆ' ಅಂದರು.

'ಮೊದ್ಲು ಕೇಳಿ ಸಾಮಿ, ಯಾವ ಮಾತು ಅಂತ.'

'ಮೊದಲು ಕುಡೀರಿ. ಎಲ್ಲರೂ ನೋಡ್ತಿದ್ದಾರೆ.'

ನಾನು ಮೈಕಿನಲ್ಲಿ ಇನ್ನೊಮ್ಮೆ 'ಗುಬುರ' ಅಂದೆ. ಅವಳು ಇನ್ನೊಮ್ಮೆ ಬಿಕ್ಕಿದಳು. ಕಣ್ಣಲ್ಲಿ ನೀರು ಬಂದಿತ್ತು, ನೋವಿಗೋ ನಗುವಿಗೋ ಅವಳೇ ಬಲ್ಲಳು. ಅವರು ಲೋಟವನ್ನು ಅವಳ ತುಟಿಯ ತನಕ ತಂದರು. ದ್ಯಾಮಕ್ಕ ಕೈ ಎತ್ತಿ, ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

'ಅವತ್ತು ಬಾಯಾರಿತ್ತು,' ಅಂದಳು. 'ಇವತ್ತಿಲ್ಲ.'